ಎದುರುಮನೆಯ ಉತ್ತರಗಳು

"ಮಗುವಿಗೆ ಮೊದಲ ಸಲ ಪುಡಿ ಹಾಲು ಕೊಟ್ಟಿದ್ದು ಎಷ್ಟನೇ ತಿಂಗಳಲ್ಲಿ?"

ಕಂಡಕ್ಟರಮ್ಮ ಹೋಗಿ ಕಿಟಕಿ ತೆಗೆದಳು, ಮತ್ತೆ ಮುಚ್ಚಿದಳು. ಓಡುವ ಬಸ್ಸಿನಲ್ಲಿ ದಿನವಿಡೀ ನಿಂತು "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಗದರುವ ಹೆಂಗಸಿಗೆ ತನ್ನದೇ ಮನೆಯ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಪ್ರಶ್ನೆಗಳು ಶುರುವಾದಾಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು.

"ನಾಲ್ಕನೇ ತಿಂಗಳು," ಎಂದಳು ಕೊನೆಗೆ. "ರಜೆ ಮುಗೀತು, ಬಸ್ ಹತ್ತಿದೆ. ಬರ್ಕೊಳ್ಳಿ. ನಮ್ಮತ್ತೆ ದಿನಾ ಕೂಗಾಡ್ತಾರೆ, ನಿನ್ನ ಕೆಲಸದ ಹುಚ್ಚಿಗೆ ಮಗೂಗೆ ಹೀಗಾಯ್ತು ಅಂತ. ಅದೇನಾ ಅಕ್ಕಾ ಕಾರಣ?"

ಪ್ರಶ್ನೆ ಅಕ್ಕ ಕಾಗದದಿಂದ ತಲೆ ಎತ್ತಲಿಲ್ಲ. ಅದು ಅವಳು ಹೋಗುವ ಬೀದಿಗಳ ಮಕ್ಕಳು ಇಟ್ಟ ಹೆಸರು, ಈಗ ಸಮೀಕ್ಷೆಯ ಕಚೇರಿಯಲ್ಲೂ ಹಾಗೇ ಕರೆಯುತ್ತಿದ್ದರು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಯಾಕೆ ಹೀಗೆ ಹೆಚ್ಚುತ್ತಿದೆ, ಕಾರಣ ನೀರಿನಲ್ಲಿದೆಯೋ, ಗಾಳಿಯಲ್ಲಿದೆಯೋ, ಹಾಲಿನಲ್ಲಿದೆಯೋ, ಯಾವಾಗಲೋ ಬಂದು ಹೋದ ಸಣ್ಣ ಜ್ವರದಲ್ಲಿದೆಯೋ ಎಂದು ಹುಡುಕಲು ಎಷ್ಟೋ ದೇಶಗಳಲ್ಲಿ ಅವಳಂಥವರು ಮನೆ ಮನೆ ಸುತ್ತುತ್ತಿದ್ದರು. ಭಾಷೆ ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಕೇಳಬೇಕು, ಬರೆಯಬೇಕು, ತನ್ನ ಅಭಿಪ್ರಾಯ ಹೇಳಬಾರದು. ಅಳುವ ತಾಯಿಯ ಎದುರು ಬಾಯಿಗೆ ಬೀಗ ಹಾಕಿಕೊಂಡು ಕೂರುವುದಕ್ಕೆ ಸಂಬಳವೇ ಎಂದು ಅವಳಿಗೆ ಎಷ್ಟೋ ಸಲ ರೇಗಿದೆ.

"ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು."

"ಗೊತ್ತಿಲ್ಲ ಅಂದ್ಮೇಲೆ ಹಾಲಿನ ವಿಷಯ ಯಾಕೆ ಎತ್ತಿದ್ರಿ?"

"ಮನೇಲಿ ಬೆಕ್ಕು ಸಾಕಿದ್ರಾ ಅಂತಾನೂ ಕೇಳಿದೆನಲ್ಲ."

"ಬೆಕ್ಕನ್ನ ನಾನೇನು ಬಾಟಲಿಗೆ ಹಾಕಿ ಕುಡಿಸ್ಲಿಲ್ಲ."

ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದ ಪುಟ್ಟಿ ಕಿಸಕ್ಕನೆ ನಕ್ಕಳು. ಏಳು ವರ್ಷದ ಹುಡುಗಿ. ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಈ ಬೇಸಿಗೆ ರಜೆಗೆ ಮುಂಚೆ ಒಂದು ದಿನ ಶಾಲೆಯಲ್ಲೇ ಪ್ರಜ್ಞೆ ತಪ್ಪಿ ಬಿದ್ದು, ಆಸ್ಪತ್ರೆಯಿಂದ ಇನ್ಸುಲಿನ್ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದಿದ್ದಳು. ಮಗಳು ನಕ್ಕದ್ದು ಕಂಡು ತಾಯಿಯ ಕಣ್ಣು ತುಂಬಿತು. ಪ್ರಶ್ನೆ ಅಕ್ಕ ಬೇಗ ಬೇಗ ಮುಂದಿನ ಪುಟ ತಿರುವಿದಳು.

ಎಲ್ಲ ಮುಗಿದ ಮೇಲೆ, "ಇನ್ನೊಂದು ಮನೆ ತೋರಿಸ್ಬೇಕು," ಎಂದಳು. "ಹತ್ತಿರದಲ್ಲೇ, ಪುಟ್ಟಿ ವಯಸ್ಸಿನ, ಈ ಕಾಯಿಲೆ ಇಲ್ಲದ ಮಗು. ಅವರಿಗೂ ಇವೇ ಪ್ರಶ್ನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ತಾರೆ."

ಕಂಡಕ್ಟರಮ್ಮ ಥಟ್ಟನೆ ನಿಂತಳು. "ಎದುರುಮನೆ ಗುಂಡ. ಅವರಮ್ಮ ಟೈಲರು. ಅವರು ಇಲ್ಲಿಗೆ ಬಂದಾಗ ಗುಂಡನಿಗೆ ಮೂರು ವರ್ಷ. ಅವತ್ತಿಂದ ನಾವಿಬ್ರೂ ಒಂದೇ ಮನೆಯವರ ಹಾಗಿದ್ವಿ. ಇವಳಿಗೆ ಹೀಗಾಗಿದ್ದೇ ತಡ, ಅವಳು ಈ ಕಡೆ ತಲೆ ಹಾಕಿಲ್ಲ. ಹುಡುಗನ್ನೂ ಕಳಿಸಲ್ಲ. ಅಂಟುತ್ತೆ ಅಂದ್ಕೊಂಡಿರ್ಬೇಕು."

"ಇದು ಅಂಟೋದಲ್ಲ."

"ನಂಗೆ ಗೊತ್ತು, ಅವಳಿಗೆ ಯಾರು ಹೇಳ್ತಾರೆ?" ದನಿ ತಗ್ಗಿಸಿದಳು. "ಅಕ್ಕಾ, ಒಂದು ಉಪಕಾರ ಮಾಡಿ. ಅವಳು ಪುಡಿ ಹಾಲು ಕೊಟ್ಟಿದ್ಲಾ ಅಂತ ಬಂದು ಹೇಳಿ, ಅಷ್ಟೇ. ಅವಳೂ ಕೊಟ್ಟಿದ್ದು, ಗುಂಡ ಗುಂಡುಕಲ್ಲಿನ ಹಾಗಿದ್ದಾನೆ ಅಂದ್ರೆ, ನಾನು ಒಂದು ರಾತ್ರಿ ನಿದ್ದೆ ಮಾಡ್ತೀನಿ."

"ಒಂದು ಮನೆ ಮಾತು ಇನ್ನೊಂದು ಮನೆಗೆ ಹೇಳೋ ಹಾಗಿಲ್ಲಮ್ಮ."

ಅದೇ ಮಹಡಿಯ ಎದುರುಮನೆಯಲ್ಲಿ ಹೊಲಿಗೆ ಮಿಷನ್ನು ಓಡುತ್ತಿತ್ತು. ಕುರ್ಚಿಯ ಮೇಲೆ, ಮಂಚದ ಮೇಲೆ ಎಲ್ಲೆಲ್ಲೂ ಬಟ್ಟೆ. ಟೈಲರಮ್ಮ ಒಂದು ರಾಶಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಟ್ಟಳು. ಗುಂಡ ಮೂಲೆಯಲ್ಲಿ ಖಾಲಿ ದಾರದ ಉರುಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಪ್ರಶ್ನೆ ಅಕ್ಕ ತಾನು ಯಾಕೆ ಬಂದದ್ದೆಂದು ಹೇಳಿ ಮುಗಿಸುವ ಮೊದಲೇ ಟೈಲರಮ್ಮ ಕೇಳಿದಳು, "ಹೇಗಿದ್ದಾಳೆ ಪುಟ್ಟಿ ಅಮ್ಮ?"

"ನಾಲ್ಕು ಹೆಜ್ಜೆ. ನೀವೇ ಹೋಗಿ ನೋಡ್ಬಹುದಲ್ಲ?"

"ಯಾವ ಮುಖ ಇಟ್ಕೊಂಡು ಹೋಗ್ಲಿ ಮೇಡಂ? ಇವನು ನೋಡಿ, ಕಲ್ಲು ತಿಂದು ಅರಗಿಸ್ಕೊಳ್ತಾನೆ. ಇವನನ್ನ ಕರ್ಕೊಂಡು ಹೋಗಿ ಅವಳ ಕಣ್ಮುಂದೆ ನಿಲ್ಲಿಸ್ಲಾ? ಅವರತ್ತೆ ಪುಡಿ ಹಾಲು, ಪುಡಿ ಹಾಲು ಅಂತ ಬೈಯೋದು ಇಲ್ಲೀವರೆಗೂ ಕೇಳುತ್ತೆ. ನಂಗೇ ಹೊಟ್ಟೆ ಉರಿಯುತ್ತೆ."

ಪ್ರಶ್ನೆಗಳು ಶುರುವಾದವು. ಹಾಲಿನ ಪ್ರಶ್ನೆ ಬಂದಾಗ ಟೈಲರಮ್ಮ ಮಗನತ್ತ ನೋಡಿ ಮೆಲ್ಲಗೆ ಹೇಳಿದಳು, "ಪುಡಿ ಹಾಲು ಕೊಟ್ಟೇ ಇಲ್ಲ. ಬಾಟಲಿ ಕಂಡ್ರೆ ಒದೀತಿದ್ದ. ಎರಡು ವರ್ಷ ನನ್ನನ್ನ ಬಿಡ್ಲೇ ಇಲ್ಲ."

ಪ್ರಶ್ನೆ ಅಕ್ಕ ಬರೆದುಕೊಂಡಳು. ತಲೆ ಎತ್ತಿದರೆ ಟೈಲರಮ್ಮ ಬಾಗಿಲಿನ ಕೆಳಗೇ ನೋಡುತ್ತಿದ್ದಾಳೆ. ಅಲ್ಲಿಯ ಸಂದಿಯಲ್ಲಿ ಎರಡು ನೀಲಿ ರಬ್ಬರ್ ಚಪ್ಪಲಿ ಕಾಣುತ್ತಿದ್ದವು. ಒಂದರ ಪಟ್ಟಿ ಹಳದಿ. ಕಂಡಕ್ಟರಮ್ಮನವೇ.

ಟೈಲರಮ್ಮ ಇದ್ದಕ್ಕಿದ್ದಂತೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದಳು, "ಪುಡಿ ಹಾಲಾ? ಹೂಂ ಮತ್ತೆ! ಮೂರನೇ ತಿಂಗಳಿಂದ ಅದೇ! ಡಬ್ಬ ಡಬ್ಬ!"

"ಈಗ ತಾನೇ ನೀವು..."

ಟೈಲರಮ್ಮ ತುಟಿಗೆ ಬೆರಳಿಟ್ಟು, ಬಾಗಿಲು ತೋರಿಸಿ, ಕೈ ಮುಗಿದಳು.

ಪ್ರಶ್ನೆ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಹೀಗೆ ಮನೆಗೊಬ್ಬರು ಕನಿಕರಪಟ್ಟು ಸುಳ್ಳು ಹೇಳುತ್ತ ಹೋದರೆ ಕಾರಣ ಸಿಕ್ಕ ಹಾಗೇ! ಬಗ್ಗಿ ಪಿಸುಗುಟ್ಟಿದಳು, "ನಾನು ಸುಳ್ಳು ಬರೆಯಲ್ಲ."

"ನಿಜಾನೇ ಬರ್ಕೊಳ್ಳಿ ಮೇಡಂ," ಅವಳೂ ಪಿಸುಗುಟ್ಟಿದಳು. "ಬಾಯಲ್ಲಿ ಹೇಳೋದು ಅವಳಿಗೆ. ತಲೆ ಆಡಿಸೋದು ನಿಮಗೆ."

ನಿಯಮದಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ಎದ್ದು ಹೋಗಬೇಕಿತ್ತು. ಪ್ರಶ್ನೆ ಅಕ್ಕ ಬಾಗಿಲಿನ ಸಂದಿಯನ್ನು ನೋಡಿದಳು. ಅಷ್ಟು ಹೊತ್ತೂ ಅತ್ತಿತ್ತ ಸರಿದಾಡುತ್ತಿದ್ದ ಚಪ್ಪಲಿಗಳು ಈಗ ಅಲುಗಾಡದೆ ನಿಂತಿದ್ದವು. ಅವಳು ಗಂಟಲು ಸರಿಮಾಡಿಕೊಂಡು ತಾನೂ ದನಿ ಏರಿಸಿದಳು.

"ಮಗುವಿಗೆ ಪದೇ ಪದೇ ಜ್ವರ ಬರ್ತಿತ್ತಾ?"

"ಅಯ್ಯೋ, ತಿಂಗಳು ತಿಂಗಳೂ!" ತಲೆ ಇಲ್ಲ ಇಲ್ಲ ಎಂದು ಆಡಿತು.

"ಬೇಕರಿ ತಿಂಡಿ?"

"ಮೂರು ಹೊತ್ತೂ!"

"ಯಾವಾಗಮ್ಮ ಕೊಡ್ಸಿದ್ದೆ?" ಎಂದು ಗುಂಡ ಮೂಲೆಯಿಂದ ಬಾಯಿ ಹಾಕಿದ. ಟೈಲರಮ್ಮ ಕೈಗೆ ಸಿಕ್ಕ ತುಂಡು ಬಟ್ಟೆಯನ್ನು ಅವನ ಮೇಲೆ ಎಸೆದಳು. ಪ್ರಶ್ನೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕಾಗದದ ಮೇಲೆ ಮಾತ್ರ ಒಂದೊಂದೂ ನಿಜ ಉತ್ತರವೇ ಬಿತ್ತು.

ಹೊರಗೆ ಬಂದಾಗ ಕಂಡಕ್ಟರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಆ ದಿನ ಅವಳು ಕೂತದ್ದನ್ನು ಪ್ರಶ್ನೆ ಅಕ್ಕ ನೋಡಿದ್ದು ಅದೇ ಮೊದಲು.

"ಕೇಳಿಸ್ತು," ಎಂದಳು.

"ಹಾಗಾದ್ರೆ ಇವತ್ತು ನಿದ್ದೆ ಮಾಡಿ."

"ಅವಳು ಪುಡಿ ಹಾಲು ಕೊಟ್ಟಿಲ್ಲ." ಕಂಡಕ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸುಳ್ಳು ಹೇಳುವಾಗ ಕೂಗ್ತಾಳೆ ಅವಳು. ಬಟ್ಟೆ ತಡವಾದಾಗ ಗಿರಾಕಿಗಳಿಗೆ ಹೇಳ್ತಾಳಲ್ಲ, ನಾಳೆ ಖಂಡಿತ ಅಂತ, ಬೀದಿ ಕೊನೇವರೆಗೂ ಕೇಳುತ್ತೆ. ನೀವು ಏನು ಬರೆದ್ರಿ?"

ಹೇಳುವ ಹಾಗಿರಲಿಲ್ಲ. "ನಿಜ ಬರೆದೆ," ಎಂದುಬಿಟ್ಟಳು ಪ್ರಶ್ನೆ ಅಕ್ಕ. "ನಿಮ್ಮ ಎರಡು ಮನೆಯಿಂದ ಏನೂ ತೀರ್ಮಾನ ಆಗಲ್ಲಮ್ಮ. ಪುಡಿ ಹಾಲು ಕುಡಿದ ಎಷ್ಟೋ ಮಕ್ಕಳು ಚೆನ್ನಾಗಿದ್ದಾರೆ. ಕುಡಿಯದೇ ಇದ್ದವಕ್ಕೂ ಬಂದಿದೆ. ನಾನೇ ಬರ್ಕೊಂಡಿದ್ದೀನಿ."

"ನಿಜಾನೇ ಬರೀಬೇಕು," ಎಂದಳು ಕಂಡಕ್ಟರಮ್ಮ. "ನನ್ನ ಹಾಗೆ ಇನ್ನೊಬ್ಬಳು ಹೀಗೆ ಒದ್ದಾಡ್ಬಾರ್ದು." ಎದ್ದು ಸೀರೆ ಕೊಡವಿದಳು, ಮಗಳನ್ನು ಕರೆದಳು, ಹೋಗಿ ಎದುರುಮನೆಯ ಬಾಗಿಲು ತಟ್ಟಿದಳು.

"ಬಾಗಿಲು ತೆಗಿಯೇ. ಅಳ್ತಾ ಕೂತಿದ್ದೀಯಾ?"

"ನಾನ್ಯಾಕೆ ಅಳ್ಲಿ!" ಒಳಗಿಂದ ಕಟ್ಟಡವೇ ಅದುರುವ ದನಿ ಬಂತು. "ಕಣ್ಣಿಗೆ ನೂಲು ಬಿದ್ದಿದೆ!"

ಮಿಷನ್ನು ನಿಂತಿತ್ತು. ಪ್ರಶ್ನೆ ಅಕ್ಕ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಹಿಂದೆ ಚಿಲಕ ಸರಿದ ಸದ್ದಾಯಿತು. ದಾರದ ಉರುಳೆಯೊಂದು ಹೊಸ್ತಿಲು ದಾಟಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಪ್ಪಳಿಸುತ್ತ ಅವಳನ್ನು ಹಿಂದೆ ಹಾಕಿ ಹೋಯಿತು. ಅದರ ಹಿಂದೆಯೇ ಇಬ್ಬರು ಮಕ್ಕಳು ದಡದಡ ಓಡಿ ಬಂದರು.