ಅಮ್ಮನ ಚೀಟಿ, ಅಪ್ಪನ ಲಿನಕ್ಸ್

"ನೋಲಾ, ನಿನಗೆ ಬೇಕಾದ ಹೊತ್ತಿಗೆ ಒಂದೇ ಒಂದು ಸಲ ಇದರಿಂದ ಪ್ರಿಂಟ್ ಬರಲಿಲ್ಲ ಅಂದ್ರೆ, ನನ್ನ ಕೈಯಾರೆ ವಿಂಡೋಸ್ ವಾಪಸ್ ಹಾಕಿಕೊಡ್ತೀನಿ. ಅದರ ಬಗ್ಗೆ ತುಟಿ ಪಿಟಕ್ ಅನ್ನಲ್ಲ."

ಹದಿನೆಂಟು ವರ್ಷಗಳ ಹಿಂದೆ, ಓಮರೂ ಊರಿನ ನಮ್ಮ ಅಡುಗೆಮನೆಯಲ್ಲಿ, ಅಮ್ಮನ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತುಹಾಕಿ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಂಡು ತಿದ್ದಬಹುದಾದ ಲಿನಕ್ಸ್ ಹಾಕಿದ ದಿನ ಅಪ್ಪ ಅವಳಿಗೆ ಕೊಟ್ಟ ಮಾತಿದು. ನನ್ನ ದೊಡ್ಡ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಾನು ಅಲ್ಲೇ ನಿಂತಿದ್ದೆ. ಅಮ್ಮ ಬೇಡ ಎಂದಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಅಪ್ಪನ ವೇದಾಂತ ಸರಳ. ವಿಂಡೋಸ್ ಬಾಡಿಗೆ ಮನೆ, ಮ್ಯಾಕ್ ಚಿನ್ನದ ಪಂಜರ, ಲಿನಕ್ಸ್ ಸ್ವಂತ ಮನೆ. "ಸ್ವಂತ ಮನೇನೇ ಸರಿ, ದಿನಾ ಗಾರೆ ಕೆಲಸ ನಡೀತಾನೇ ಇರುತ್ತಲ್ಲ" ಎನ್ನುತ್ತಿದ್ದಳು ಅಮ್ಮ. ಆದರೂ ಪ್ರಿಂಟ್ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಅವಳು ಏನಾದರೂ ಪ್ರಿಂಟ್ ಮಾಡುವ ಹಿಂದಿನ ದಿನವೇ ಅಪ್ಪ ಗುಟ್ಟಾಗಿ ಹತ್ತು ಹಾಳೆ ತೆಗೆದು ನೋಡಿ, ಅವನ್ನು ಒಲೆಗೆ ಹಾಕಿಬಿಡುತ್ತಿದ್ದ.

ಅಮ್ಮ ನಮ್ಮೂರ ಕೃಷಿ ಪ್ರದರ್ಶನದ ಅಡುಗೆ ವಿಭಾಗದ ಮುಖ್ಯಸ್ಥೆ. ಇಪ್ಪತ್ತಾರು ವರ್ಷದಿಂದ ಆ ಕೆಲಸವೇ ಅವಳ ಜೀವ. ಸ್ಪರ್ಧೆಗೆ ಬಂದ ಪ್ರತಿ ತಟ್ಟೆಯ ಮುಂದೆ ಒಂದು ಚೀಟಿ ಇರಬೇಕು: ಹೊರಗೆ ಸಂಖ್ಯೆ, ಮಡಿಕೆಯೊಳಗೆ ಹೆಸರು. ಹೋದ ವರ್ಷದವರೆಗೆ ಅವರವರ ಚೀಟಿಯನ್ನು ಅವರವರೇ ಬರೆಯುತ್ತಿದ್ದರು. ಎದುರುಮನೆಯ ಆಯ್ಲೀನಳ ಸ್ಪಂಜ್ ಕೇಕಿಗೆ ಮೂರನೇ ಬಹುಮಾನ ಬಂದದ್ದೇ ತಡ, ತೀರ್ಪುಗಾರರು ಕೈಬರಹ ಗುರುತು ಹಿಡಿಯುತ್ತಾರೆಂದು ಅವಳ ದೂರು ಹೋಯಿತು. ಈ ವರ್ಷ ಸಮಿತಿ ನಿಯಮ ಮಾಡಿತು. ಚೀಟಿಗಳೆಲ್ಲ ಪ್ರಿಂಟ್ ಆಗಿರಬೇಕು. ಪ್ರದರ್ಶನದ ದಿನ, ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ ಹೆಸರು ಕೊಡುವುದು ಮುಗಿಯಬೇಕು, ಹನ್ನೊಂದೂವರೆಗೆ ಚೀಟಿ ತಟ್ಟೆಯ ಮುಂದಿರಬೇಕು. ತಪ್ಪಿದರೆ ಅಮ್ಮನ ಜಾಗಕ್ಕೆ ಆಯ್ಲೀನ್.

ಗುರುವಾರ ಸಂಜೆ ಅಪ್ಪ ಎಂದಿನಂತೆ ಹಾಳೆ ತೆಗೆದು ನೋಡಿದ. ಚೆನ್ನಾಗಿಯೇ ಬಂತು. ಬಂದ ಖುಷಿಗೆ, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಲಿನಕ್ಸಿನ ಹೊಸ ಆವೃತ್ತಿಯನ್ನು ಹಾಕಿಬಿಟ್ಟ.

ಶುಕ್ರವಾರ ಒಂಬತ್ತೂ ಇಪ್ಪತ್ತಕ್ಕೆ ಅಮ್ಮ ಗುಂಡಿ ಒತ್ತಿದಳು. ಪ್ರಿಂಟರಿನ ಹಸಿರು ದೀಪ ಉರಿಯಿತು. ಅದಷ್ಟೇ ಆದದ್ದು.

ಅಪ್ಪ ಫೋನು ಮಾಡಿದ. ನಮ್ಮೂರ ಲಿನಕ್ಸ್ ಸಂಘಕ್ಕೆ ಮೂರೇ ಸದಸ್ಯರು. ಉಳಿದಿಬ್ಬರು, ಅಧ್ಯಕ್ಷ ಮರ್ವ್ ಮತ್ತು ಕಾರ್ಯದರ್ಶಿ ಡೆಸ್ಮಂಡ್, ಹತ್ತೇ ನಿಮಿಷದಲ್ಲಿ ಬಂದರು. ಮೂವರದೂ ಮೂರು ಬಗೆಯ ಲಿನಕ್ಸ್.

"ಯಾವುದು ಹಾಕಿದ್ದೀಯ ಮಾರಾಯ? ಅದಾ? ಅದು ಲಿನಕ್ಸೇ ಅಲ್ಲ ಬಿಡು" ಎಂದ ಡೆಸ್ಮಂಡ್.

"ನಿಂದರಲ್ಲಿ ಎರಡು ವರ್ಷದಿಂದ ಶಬ್ದಾನೇ ಬರ್ತಿಲ್ಲ. ನೀನು ಹೇಳ್ತೀಯಾ?" ಮರ್ವ್ ಕೇಳಿದ.

"ನಿಶ್ಶಬ್ದವೇ ಅದರ ವಿಶೇಷ ಕಣೋ."

"ಎಲ್ಲ ಅಳಿಸಿ ನಂದು ಹಾಕೋಣ, ಅರ್ಧ ಗಂಟೆ ಸಾಕು" ಎಂದ ಮರ್ವ್.

"ಅಳಿಸೋಕೆ ನಂದೇನು ಸ್ಲೇಟಾ?" ಅಪ್ಪ ಕಂಪ್ಯೂಟರಿಗೆ ಅಡ್ಡ ನಿಂತ.

"ಹತ್ತು ಗಂಟೆ ಆಯ್ತು" ಎಂದಳು ಅಮ್ಮ.

"ನೋಲಾ, ಇದು ಗಡಿಯಾರ ನೋಡೋ ವಿಷಯ ಅಲ್ಲ. ತತ್ವದ ಪ್ರಶ್ನೆ" ಎಂದ ಮರ್ವ್.

ಡೆಸ್ಮಂಡ್ ತತ್ವ ಯೋಚಿಸುತ್ತ ಪಕ್ಕದ ತಟ್ಟೆಗೆ ಕೈಹಾಕಿ ಚೀಸ್ ಸ್ಕೋನ್ ಎಂಬ ಗಿಡ್ಡ ಬನ್ನೊಂದನ್ನು ತಿಂದ. ಸ್ಪರ್ಧೆಗೆಂದು ಬೆಳಿಗ್ಗೆ ಐದಕ್ಕೆದ್ದು ನಾನು ಮಾಡಿದ್ದು. ತಟ್ಟೆಗೆ ಆರು ಇರಲೇಬೇಕು, ಈಗ ಐದಾಯಿತು. "ಉಪ್ಪು ಸ್ವಲ್ಪ ಮುಂದೆ" ಎಂದೂ ಹೇಳಿದ.

ಅಮ್ಮ ಮೂವರ ಮಧ್ಯೆ ಕೈತೂರಿಸಿ ಹೆಸರುಗಳ ಪಟ್ಟಿಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡಳು, ಏಪ್ರನ್ ಬಿಚ್ಚಿಟ್ಟಳು, ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ.

ಆಯ್ಲೀನ್ ಬಾಗಿಲು ತೆರೆದಳು.

"ನಿನ್ನ ಹತ್ರ ಪ್ರಿಂಟರ್ ಇದೆಯಾ?" ಅಮ್ಮ ಕೇಳಿದಳು. ಆ ಒಂದು ಪ್ರಶ್ನೆಗೆ ಅವಳ ಮುಖ ಕಿವಿಯವರೆಗೂ ಕೆಂಪಾಗಿತ್ತು.

ನಮ್ಮ ಮನೆಯಿಂದ ಮರ್ವ್‌ನ ದನಿ ರಸ್ತೆಯವರೆಗೂ ಬರುತ್ತಿತ್ತು. ಆಯ್ಲೀನ್ ಕಿವಿಗೊಟ್ಟಳು. "ಎಷ್ಟು ಜನ ಸೇರಿದಾರೆ?"

"ಮೂವರು."

"ಅಯ್ಯೋ ಪಾಪ. ಒಳಗೆ ಬಾ."

ನನಗೆ ತಡೆಯಲಾಗಲಿಲ್ಲ. "ನಿಮ್ಮದು ಯಾವುದು? ವಿಂಡೋಸಾ, ಮ್ಯಾಕಾ?"

ಆಯ್ಲೀನ್ ಕಂಪ್ಯೂಟರನ್ನು ಮೇಲಿಂದ ಕೆಳಗೆ ನೋಡಿದಳು. "ಕಪ್ಪು ಬಣ್ಣದ್ದು ಕಣಮ್ಮ."

ಕಪ್ಪು ಬಣ್ಣದ್ದು ನಾಲ್ಕು ನಿಮಿಷದಲ್ಲಿ ನೂರ ನಲವತ್ತು ಚೀಟಿ ಕೊಟ್ಟಿತು. ಆಯ್ಲೀನಳೇ ಕತ್ತರಿ ತಂದು ಕೂತಳು.

"ಸುಮ್ಮನಿದ್ದಿದ್ರೆ ನನ್ನ ಜಾಗ ನಿನಗೆ ಬರ್ತಿತ್ತು" ಎಂದಳು ಅಮ್ಮ.

"ನಿನ್ನ ಜಾಗ ಯಾರಿಗೆ ಬೇಕೇ? ಮುಖ್ಯಸ್ಥೆ ಆದ್ರೆ ಸ್ಪರ್ಧೆಗೆ ನಿಲ್ಲೋ ಹಾಗಿಲ್ಲ. ನಂಗೆ ಬೇಕಿರೋದು ಮೊದಲನೇ ಬಹುಮಾನ."

ಹನ್ನೊಂದೂ ಇಪ್ಪತ್ತಕ್ಕೆ ಕೊನೆಯ ತಟ್ಟೆಯ ಮುಂದೆ ಕೊನೆಯ ಚೀಟಿ ನಿಂತಿತು. ಅಮ್ಮನ ಜಾಗ ಉಳಿಯಿತು. ಆಯ್ಲೀನಳ ಕೇಕಿಗೆ ಎರಡನೇ ಬಹುಮಾನ ಬಂತು.

ಮಧ್ಯಾಹ್ನ ನಾವು ಮನೆಗೆ ಬಂದಾಗ ಮೂವರೂ ಅಲ್ಲೇ ಇದ್ದರು. ಹಸಿರು ದೀಪವನ್ನು ಕೆಂಪು ಮಾಡುವಷ್ಟು ಮುಂದುವರಿದಿದ್ದರು. ಅಮ್ಮ ಉಳಿದಿದ್ದ ಒಂದು ಖಾಲಿ ಚೀಟಿಯನ್ನು ಅಪ್ಪನ ಮುಂದಿಟ್ಟು, "ಒಂದೇ ಒಂದು ಸಲ" ಎಂದಳು. ಅಪ್ಪ ಅದನ್ನು ತಿರುಗಿಸಿ ನೋಡಿ ಕನ್ನಡಕ ತೆಗೆದ.

ಭಾನುವಾರ ಅವನೇ ಕೂತು, ಕೈಯಾರೆ, ವಿಂಡೋಸ್ ಹಾಕಿದ. ಅಮ್ಮ ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಚೀಟಿ ಪ್ರಿಂಟ್ ಮಾಡಿ ನೋಡಿದ, ಬಂತು. ಮಾತು ಕೊಟ್ಟಂತೆ ತುಟಿ ಬಿಗಿಹಿಡಿದ. ಎದ್ದ, ಚಹಾ ಮಾಡಿದ, ಮತ್ತೆ ಕೂತ. ಅಷ್ಟರಲ್ಲಿ ಪರದೆಯ ಮೇಲೆ ವಿಂಡೋಸಿನ ಷರತ್ತುಗಳ ಉದ್ದನೆಯ ಪಟ್ಟಿ ಬಂತು.

"ನೋಲಾ, ಈ ಹದಿನಾಲ್ಕನೇ ಸಾಲು ಸ್ವಲ್ಪ ಕೇಳು..."

ವಿಂಡೋಸ್ ಹಾಕಿ ಹನ್ನೊಂದು ನಿಮಿಷವಾಗಿತ್ತು. ಅಪ್ಪ ಮಾತು ಮುರಿದ.