ಮೇಯರನ ನೆಣ

ಸಾತುರ್ನೀನಾಳ ಕೈ ಊರಿನ ಆಸ್ತಿ ಎಂದು ಜನ ತಮಾಷೆಗೆ ಹೇಳುತ್ತಿದ್ದರು. ತಮಾಷೆಯಾದರೂ ಮಾತು ನಿಜವೇ. ಅಷ್ಟು ಎತ್ತರದ ಹುಲ್ಲುಗಾವಲಿನಲ್ಲಿ ಜೋಳವೂ ಬೆಳೆಯುವುದಿಲ್ಲ, ಗೋಧಿಯೂ ಬೆಳೆಯುವುದಿಲ್ಲ. ಇರುವುದು ಕುರಿಯಂತೆ ಉಣ್ಣೆ ಕೊಡುವ ಉದ್ದ ಕತ್ತಿನ ಅಲ್ಪಾಕಗಳು, ಅವುಗಳ ಮೈಮೇಲಿನ ತುಪ್ಪಟ. ಕತ್ತರಿಸಿದ ತುಪ್ಪಟವನ್ನೆಲ್ಲ ಸಂಘದ ಶೆಡ್ಡಿಗೆ ತಂದು ಅವಳ ಮುಂದಿನ ಮೇಜಿನ ಮೇಲೆ ಹರವಬೇಕು. ಅವಳು ಕಣ್ಣು ಮುಚ್ಚಿ ಬೆರಳಾಡಿಸಿ, ಮೊದಲನೇದು, ಎರಡನೇದು, ಇಲ್ಲವೇ ಒರಟು ಅನ್ನಬೇಕು. ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಗಂಡು ಅಲ್ಪಾಕದ ತುಪ್ಪಟ ಮೊದಲನೇದಾದರೆ ಅದನ್ನು ತಳಿಗೆ ಬಿಡುತ್ತಾರೆ. ಒರಟಾದರೆ, ಅಲ್ಲಿ ಚಳಿಗಾಲವಾದ ಜೂನಿನಲ್ಲಿ ಹಿಮ ಬಿದ್ದೊಡನೆ ಕೊಯ್ದು ಮಾಂಸ ಒಣಗಿಸುತ್ತಾರೆ. ಇಪ್ಪತ್ತೆರಡು ವರ್ಷ ಹೀಗೆ ನಡೆದು, ಅವಳ ಹೆಸರೇ ಮರೆತುಹೋಗಿ ಊರಿಗೆ ಊರೇ ಮೇಸ್ತ್ರಮ್ಮ ಎನ್ನುತ್ತಿತ್ತು.

ಮೇಸ್ತ್ರಮ್ಮನ ಕೈಗೆ ಒಂದು ಕಟ್ಟುಪಾಡಿತ್ತು. ವಿಂಗಡಣೆಗೆ ಎರಡು ತಿಂಗಳ ಮುಂಚಿನಿಂದ ಆ ಕೈ ತಣ್ಣೀರು ಮುಟ್ಟಬಾರದು, ಆಲೂಗಡ್ಡೆ ಅಗೆಯಬಾರದು, ಮಣ್ಣು ಕಲಸಬಾರದು. ಒಡೆದ ಕೈಗೆ ಎಳೆಯ ನವಿರು ತಿಳಿಯುವುದಿಲ್ಲ ಎಂದು. ಅದಕ್ಕಾಗಿ ಅಕ್ಕಪಕ್ಕದ ಹೆಂಗಸರು ಸರದಿಯ ಮೇಲೆ ಅವಳ ಬಟ್ಟೆ ಒಗೆದುಕೊಡುತ್ತಿದ್ದರು, ಪಾತ್ರೆ ತೊಳೆದುಕೊಡುತ್ತಿದ್ದರು. ಬೆಳಿಗ್ಗೆ ಹೊಳೆಯ ಮೇಲಿನ ಮಂಜುಗಡ್ಡೆಯನ್ನು ಕಲ್ಲಿನಿಂದ ಒಡೆದು ಆ ನೀರಿನಲ್ಲಿ ಬೇರೆಯವಳ ಲಂಗ ಹಿಂಡುವುದೆಂದರೆ ಸುಮ್ಮನಲ್ಲ. ಆದರೂ ಯಾರೂ ಗೊಣಗಿದವರಿಲ್ಲ.

ಆ ವರ್ಷ ಸಾತುರ್ನೀನಾ ಈ ಕಟ್ಟು ಮುರಿದಳು. ಅಡುಗೆಮನೆಯ ಮಾಡಿನ ಹುಲ್ಲು ತೆಗೆಸಿ ತಗಡು ಹೊದಿಸುವ ಆಸೆ ಅವಳಿಗೆ. ಮಗಳಿಗೆ ಹೆರಿಗೆ, ಬಾಣಂತನಕ್ಕೆ ಹೋಗುತ್ತೇನೆ ಎಂದು ಊರಿಗೆಲ್ಲ ಸುಳ್ಳು ಹೇಳಿ, ಕೆಳಗಿನ ಸರೋವರದ ಟ್ರೌಟ್ ಮೀನಿನ ತೊಟ್ಟಿಗಳಿಗೆ ಹೋದಳು. ಏಳು ವಾರ ಕೂಲಿಗೆ ನಿಂತು ಮೀನು ಸೀಳಿದಳು. ಹಿಮ ಕರಗಿದ ನೀರು, ಉಪ್ಪು, ಚಾಕು. ಮೊದಲ ವಾರ ಕೈ ಕೆಂಪಾಯಿತು, ಎರಡನೆಯ ವಾರ ಬಿಗಿಯಿತು, ಆಮೇಲೆ ಬೆರಳಿನ ಗೆಣ್ಣು ಗೆಣ್ಣಿಗೂ ಬಿರುಕು ಬಿಟ್ಟು ಮುಷ್ಟಿ ಮಡಿಸಿದರೆ ರಕ್ತ ಬರುವಷ್ಟಾಯಿತು. ತಗಡು ಬಂತು, ಹೊಳೆಯುವ ಹೊಸ ತಗಡು. ಕೈ ಮಾತ್ರ ಹೋಯಿತು.

ಮೇ ತಿಂಗಳಲ್ಲಿ ಊರಿಗೆ ಬಂದವಳು ಒಂದು ಮಾತು ಹೇಳಿದ್ದರೆ ಸಾಕಿತ್ತು: ಈ ಸಲ ನನ್ನ ಕೈ ಸರಿಯಿಲ್ಲ, ನೇಲಿದಾ ಕೂತುಕೊಳ್ಳಲಿ ಎಂದು. ನೇಲಿದಾ ಮೂರು ವರ್ಷದಿಂದ ಅವಳ ಪಕ್ಕದಲ್ಲೇ ನಿಂತು ಕಲಿತ ಹುಡುಗಿ, ಒಳ್ಳೆಯ ಕೈ. ಆದರೆ ಒಮ್ಮೆ ಆ ಪೀಠ ಬಿಟ್ಟುಕೊಟ್ಟರೆ ಮತ್ತೆ ಸಿಕ್ಕೀತೇ? ಜಂಬ ಎನ್ನಿ, ಭಯ ಎನ್ನಿ, ಅವಳು ಬಾಯಿ ಬಿಡಲಿಲ್ಲ. ಕೈಗವಸಿನ ತುದಿ ಕತ್ತರಿಸಿ ಹಾಕಿಕೊಂಡು, ಚಳಿ ಚಳಿ ಎನ್ನುತ್ತ ಕೂತಳು. ಬೆರಳಿಗೆ ತಿಳಿಯದ್ದನ್ನು ಕಣ್ಣಲ್ಲಿ ಅಂದಾಜು ಮಾಡಿದಳು.

ಎಮೆತೇರಿಯಾ ತನ್ನ ಹಟ್ಟಿಯ ತುಪ್ಪಟ ತಂದದ್ದು ಎರಡನೆಯ ವಾರ. ಅವಳು ಗಂಡ ಸತ್ತ ಹೆಂಗಸು, ಸಾತುರ್ನೀನಾಗಿಂತ ಆರು ವರ್ಷ ದೊಡ್ಡವಳು, ಗುಡ್ಡದ ಕೆಳಗಿನ ಮನೆ. ಅವಳ ಹಟ್ಟಿಯಲ್ಲೊಂದು ಮೂರು ವರ್ಷದ ಕಂದು ಗಂಡು. ಕತ್ತೆತ್ತಿ, ಎದೆ ಮುಂದೆ ಮಾಡಿ, ಯಾರನ್ನೂ ಲೆಕ್ಕಕ್ಕಿಡದೆ ನಡೆಯುವ ಗತ್ತಿಗೆ ಊರವರು ಅದಕ್ಕೆ ಮೇಯರ್ ಎಂದು ಹೆಸರಿಟ್ಟಿದ್ದರು. ಮೇಯರನ ತುಪ್ಪಟ ಮೇಜಿನ ಮೇಲೆ ಬಂತು. ತುಂಬ ಧೂಳು, ಮಾಸಲು ಬಣ್ಣ. ಸಾತುರ್ನೀನಾ ಬೆರಳಾಡಿಸಿದಳು, ಎಳೆ ಚುರ್ರೆಂದು ಸಿಕ್ಕಿಕೊಂಡಿತು.

“ಒರಟು,” ಅಂದಳು.

ಎಮೆತೇರಿಯಾ ತುಪ್ಪಟದ ಮೇಲೊಮ್ಮೆ ಅಂಗೈ ಸವರಿ, “ಆಯ್ತು ಮೇಸ್ತ್ರಮ್ಮ,” ಎಂದು ತುಪ್ಪಟವನ್ನು ತಾನೇ ಎತ್ತಿ ಒರಟಿನ ಮೂಟೆಗೆ ಹಾಕಿ ಹೋದಳು.

ಜೂನ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅದೇ ಎಮೆತೇರಿಯಾ ಹಾಲಿನ ಪುಡಿಯ ಹಳೇ ಡಬ್ಬಿಯೊಂದನ್ನು ಶಾಲಿನೊಳಗೆ ಅವುಚಿಕೊಂಡು ಸಾತುರ್ನೀನಾಳ ಮನೆಗೆ ಬಂದಳು. ಬಂದವಳು ಕೂರಲಿಲ್ಲ, ಒಲೆಗೆ ಬೆರಣಿ ಒಡ್ಡಿ ನೀರಿಟ್ಟಳು.

“ಅವತ್ತು ಶೆಡ್ಡಲ್ಲೇ ನೋಡ್ದೆ ನಿನ್ ಕೈಯ. ಗವಸು ಹಾಕ್ಕೊಂಡ್ರೆ ನಂಗೆ ಕಾಣಲ್ವಾ? ಎಲ್ಲಿ ಮಾಡ್ಕೊಂಡೆ ಹಿಂಗೆ?”

“ಮಗಳ ಮನೇಲಿ ಅಕ್ಕ. ಕೂಸಿನ ಬಟ್ಟೆ...”

“ಥೂ, ಅವಳ ಮನೆ ಹಾಳಾಗ! ಊರೇ ಕಾಪಾಡ್ಕೊಂಡು ಬಂದ ಕೈಲಿ ಹೇತ ಬಟ್ಟೆ ಒಗೆಸಿದ್ಲಾ? ಬರಲಿ ಈ ಕಡೆ, ಮಾಡ್ತೀನಿ ಅವಳಿಗೆ.”

ಏನೂ ತಪ್ಪು ಮಾಡದ ಮಗಳನ್ನು ಬೈಸಿದ ಪಾಪ ಬೇರೆ ಸೇರಿಕೊಂಡಿತು. ಸಾತುರ್ನೀನಾ ತಲೆ ತಗ್ಗಿಸಿ ಕೈ ಚಾಚಿದಳು.

ಎಮೆತೇರಿಯಾಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ನೀರು ಸುಡಬಾರದು, ಉಗುರುಬೆಚ್ಚಗಿರಬೇಕು. ಅದರಲ್ಲಿ ಗುಡ್ಡದ ಪುದೀನ ಒಂದು ಹಿಡಿ ಹಾಕಿ, ಕೈ ಮೆತ್ತಗಾಗುವವರೆಗೆ ನೆನೆಸಿ ಕೂರಿಸಿದಳು. ಬಿರುಕಿನ ಅಂಚಿನ ಸತ್ತ ಚರ್ಮವನ್ನು ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿದಳು. ನೀರಿನ ಪಸೆ ಆರುವ ಮುಂಚೆಯೇ ಡಬ್ಬಿ ತೆರೆದು, ಕರಗಿಸಿ ಸೋಸಿದ ಬಿಳಿ ನೆಣವನ್ನು ಬೆರಳಲ್ಲಿ ತೆಗೆದು ಒಂದೊಂದೇ ಬಿರುಕಿಗೆ ತುಂಬಿದಳು. ಉರಿಗೆ ಸಾತುರ್ನೀನಾ ಹಲ್ಲು ಕಚ್ಚಿದಳು.

“ಸುಮ್ನಿರೇ, ಇಷ್ಟಕ್ಕೇ ಹಿಂಗಾಡ್ತೀಯ. ನಮ್ಮಜ್ಜಿ ಆಗಿದ್ರೆ ಬೆಳಿಗ್ಗೆ ಎದ್ದು ನಿನ್ ಉಚ್ಚೇಲೇ ಕೈ ಅದ್ದು ಅಂತಿದ್ಲು.”

“ನೀನು ಅದ್ದಿದ್ಯಾ ಅಕ್ಕ?”

“ಹೊಸದಾಗಿ ಮದುವೆಯಾದಾಗ ಅದ್ದಿದ್ದೆ. ಕೈ ವಾಸಿಯಾಯ್ತು. ಗಂಡ ಒಂದು ತಿಂಗಳು ಹತ್ರ ಬರ್ಲಿಲ್ಲ. ಎರಡೂ ಒಳ್ಳೇದೇ ಆಯ್ತು.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಎಮೆತೇರಿಯಾ ಎರಡು ಹಳೇ ಉಣ್ಣೆ ಕಾಲುಚೀಲಗಳನ್ನು ಅವಳ ಕೈಗೆ ತೊಡಿಸಿ, “ಸಂಜೆವರೆಗೂ ಬಿಚ್ಚಿದ್ರೆ ನೋಡು,” ಎಂದು ಗದರಿಸಿ ಹೋದಳು. ಮರುದಿನ ಬಂದಳು, ಅದರ ಮರುದಿನವೂ ಬಂದಳು. ಹೋಗುವ ಮುಂಚೆ ಸಾತುರ್ನೀನಾಳ ಪಾತ್ರೆಯನ್ನೂ ತೊಳೆದಿಟ್ಟು ಹೋಗುತ್ತಿದ್ದಳು.

ನಾಲ್ಕನೆಯ ದಿನ ಸಾತುರ್ನೀನಾ ಕೇಳಿದಳು, “ಎಷ್ಟು ಒಳ್ಳೇ ನೆಣ ಅಕ್ಕ, ನಾತವೇ ಇಲ್ಲ. ಯಾವುದರದ್ದು?”

“ಇನ್ಯಾವುದರದ್ದು? ಮೇಯರಂದೇ. ಮೇದು ಮೇದು ಕೊಬ್ಬಿದ್ದ ನೋಡು,” ಅಂದಳು ಎಮೆತೇರಿಯಾ. ತಗ್ಗಿಸಿದ ಮುಖ ಎತ್ತಲಿಲ್ಲ. “ಒರಟು ಅಂದ್ಯಲ್ಲ, ಇಟ್ಕೊಂಡು ಏನ್ಮಾಡ್ಲಿ? ಕೊಯ್ಯೋವಾಗ ಅವನ ಕಣ್ಣು ಮುಚ್ಚಿದ್ದೆ. ನಂದೂ ಮುಚ್ಕೊಂಡೆ.”

ಸಾತುರ್ನೀನಾ ಡಬ್ಬಿಯನ್ನೇ ನೋಡಿದಳು. ಇನ್ನೂ ಖಚಿತವಾಗಿ ಏನೂ ಗೊತ್ತಿರಲಿಲ್ಲ. ಅನುಮಾನ ಮಾತ್ರ ಬೆಣೆಯ ಹಾಗೆ ಹೊಕ್ಕು ಕೂತಿತು.

ನೆಣ ತನ್ನ ಕೆಲಸ ಮಾಡಿತು. ಹದಿನೈದು ದಿನಕ್ಕೆ ಬಿರುಕು ಕೂಡಿಕೊಂಡವು, ಗಟ್ಟಿ ಚರ್ಮ ಸುಲಿದು ಕೆಳಗಿಂದ ಹೊಸ ಚರ್ಮ ಬಂತು. ಒಂದು ಮಧ್ಯಾಹ್ನ ಕಾಲುಚೀಲ ಬಿಚ್ಚಿ ತನ್ನ ಕೆನ್ನೆ ಸವರಿಕೊಂಡರೆ ಕಣ್ಣಿಗೆ ಕಾಣದ ನವಿರು ರೋಮವೂ ಬೆರಳಿಗೆ ತಿಳಿಯಿತು. ಖುಷಿಪಡಬೇಕಾದ ಹೊತ್ತು. ಅವಳು ನೇರ ಶೆಡ್ಡಿಗೆ ಹೋದಳು. ರಸ್ತೆ ಕೆಟ್ಟು ತುಪ್ಪಟ ಒಯ್ಯುವ ಲಾರಿ ಬಂದಿರಲಿಲ್ಲ, ಮೂಟೆಗಳೆಲ್ಲ ಹಾಗೆಯೇ ಇದ್ದವು. ಒರಟಿನ ಮೂಟೆ ಬಿಚ್ಚಿ, ಎಮೆತೇರಿಯಾಳ ಚೀಟಿ ಕಟ್ಟಿದ ಕಂದು ತುಪ್ಪಟ ಹೊರಗೆಳೆದು, ಕಣ್ಣು ಮುಚ್ಚಿ ಕೈಯಿಟ್ಟಳು.

ಕೈ ಹಾಲಿನ ಕೆನೆಯೊಳಗೆ ಇಳಿದ ಹಾಗಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ತುಪ್ಪಟ ಮೂರೋ ನಾಲ್ಕೋ ಮುಟ್ಟಿದ್ದಳು. ಅವತ್ತು ಮೇಜಿನ ಮೇಲೆ ಸಿಕ್ಕಿಕೊಂಡದ್ದು ಎಳೆಯ ಒರಟಲ್ಲ, ಅವಳ ಬೆರಳಿನ ಸಿಪ್ಪೆ. ಹತ್ತು ವರ್ಷ ಊರಿನ ಹಟ್ಟಿಗಳಿಗೆಲ್ಲ ಮರಿ ಕೊಡಬೇಕಾಗಿದ್ದ ಗಂಡನ್ನು ಅವಳು ಒಂದು ಮಾತಿನಲ್ಲಿ ಕೊಂದಿದ್ದಳು. ಕೊಂದು, ಅದರ ನೆಣವನ್ನು ಕೈಗೆ ಬಳಿದುಕೊಂಡು ಕೂತಿದ್ದಳು. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅಲ್ಲಿ ಯಾರೂ ಇರಲಿಲ್ಲ. ತುಪ್ಪಟವನ್ನು ಸದ್ದಿಲ್ಲದೆ ಮೊದಲನೆಯ ಮೂಟೆಗೆ ಸೇರಿಸಿದಳು. ಸೇರಿಸಿದ ಮೇಲೆ ಇನ್ನಷ್ಟು ಹೇಸಿಗೆಯಾಯಿತು. ಮನೆಗೆ ಬಂದು ಡಬ್ಬಿಯನ್ನು ಒಲೆಯ ಹಿಂದೆ ಬಚ್ಚಿಟ್ಟಳು, ಮತ್ತೆ ಮುಟ್ಟಲಿಲ್ಲ. ಒಂಬತ್ತು ದಿನ ಅನ್ನ ನೀರು ಸೇರಲಿಲ್ಲ. ಹೇಳಿದರೆ ಪೀಠ ಹೋಗುತ್ತದೆ, ಮೀನಿನ ತೊಟ್ಟಿಯ ಸುಳ್ಳು ಬಯಲಾಗುತ್ತದೆ, ಸರದಿಯ ಮೇಲೆ ಬಟ್ಟೆ ಒಗೆದ ಹೆಂಗಸರೆಲ್ಲ ಮುಖಕ್ಕೆ ಉಗಿಯುತ್ತಾರೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಎರಡನೆಯ ಮಾತೇ ಅವಳನ್ನು ಹೆಚ್ಚು ಹೆದರಿಸಿತು.

ಹತ್ತನೆಯ ದಿನ ಎಮೆತೇರಿಯಾಳ ಮನೆಗೆ ಇಳಿದು ಹೋದಳು. ಅಂಗಳದ ಹಗ್ಗದ ಮೇಲೆ ತೆಳ್ಳಗೆ ಕೊಯ್ದ ಮಾಂಸ ಬಿಸಿಲಿಗೂ ಹಿಮಕ್ಕೂ ಒಣಗಿ ಕಪ್ಪಗಾಗಿತ್ತು. ಎಮೆತೇರಿಯಾ ಅದನ್ನು ತಿರುವಿ ಹಾಕುತ್ತಿದ್ದಳು.

“ಏನೇ, ನೆಣ ಖಾಲಿಯಾಯ್ತಾ? ಮುಖ ಯಾಕೆ ಹಿಂಗಿದೆ?”

ಸಾತುರ್ನೀನಾ ನಿಂತಲ್ಲೇ ಎಲ್ಲ ಹೇಳಿದಳು. ತಗಡಿನ ಆಸೆ, ಮೀನಿನ ತೊಟ್ಟಿ, ಮಗಳ ಮೇಲೆ ಹೊರಿಸಿದ ಸುಳ್ಳು, ಸಿಕ್ಕಿಕೊಂಡ ಬೆರಳು, ಶೆಡ್ಡಿನ ಮೂಟೆ. “ಮೇಯರ್ ಒರಟಲ್ಲ ಅಕ್ಕ. ಮೊದಲನೇದರಲ್ಲಿ ಮೊದಲನೇದು. ನಾನೇ ಕೊಂದೆ ಅದನ್ನ.”

ಬೈಗುಳಕ್ಕೆ ಕಾದು ನಿಂತಳು. ಕಲ್ಲೆತ್ತಿ ಹೊಡೆದರೂ ಸಹಿಸುತ್ತಿದ್ದಳು. ಎಮೆತೇರಿಯಾ ಕೈಯಲ್ಲಿದ್ದ ಮಾಂಸದ ತುಂಡನ್ನು ತಿರುವಿ ಮತ್ತೆ ಹಗ್ಗಕ್ಕೆ ಹಾಕಿದಳು.

“ನಂಗೆ ಗೊತ್ತಿತ್ತು,” ಅಂದಳು.

“ಏನು?”

“ಮೂರು ವರ್ಷ ಸಾಕಿದೀನಿ ಕಣೇ. ಮೇಯಿಸೋಕೆ ಹೋದಾಗ ಚಳಿ ಹೊಡೆದ್ರೆ ಅವನ ಕುತ್ತಿಗೆಗೆ ಕೈ ಹಾಕಿ ಕೂರ್ತಿದ್ದೆ. ನಯ ಅಂತ ನನ್ ಕೈಗೆ ಗೊತ್ತಿತ್ತು. ಆದ್ರೆ ನೀನು ಒರಟು ಅಂದೆ. ನಂದು ಗೊರಸಿನಂಥ ಕೈ, ಇದಕ್ಕೇನು ತಿಳಿಯುತ್ತೆ, ಒಡೆದಿದ್ರೂ ಮೇಸ್ತ್ರಮ್ಮನ ಕೈ ಸುಳ್ಳು ಹೇಳುತ್ತಾ ಅಂತ ಸುಮ್ನಾದೆ.”

ಅವಳು ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಸಾತುರ್ನೀನಾಳೂ ನೋಡಿದಳು. ಹದಿನೈದು ದಿನ ತನಗೆ ನೆಣ ಹಚ್ಚಿದ ಆ ಕೈಗಳನ್ನು ಅವಳು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಒಳಗಿನ ಕೆಂಪು ಮಾಂಸ ಕಾಣುವಷ್ಟು ಆಳದ ಬಿರುಕು. ವರ್ಷ ವರ್ಷ ಸರದಿಯ ಮೇಲೆ ಆ ಕೈಗಳು ಒಗೆದದ್ದು ಸಾತುರ್ನೀನಾಳ ಬಟ್ಟೆ, ತೊಳೆದದ್ದು ಅವಳ ಪಾತ್ರೆ. ಸಾತುರ್ನೀನಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

“ಅತ್ತಿದ್ದು ಸಾಕು,” ಎಮೆತೇರಿಯಾಳ ದನಿ ಗಡುಸಾಯಿತು. “ನಂದೊಂದೇನಾ?”

“ಅಂದ್ರೆ?”

“ನೀನು ಆ ಕೈಲಿ ನೋಡಿದ್ದು ನನ್ ತುಪ್ಪಟ ಒಂದೇನಾ? ಮೂರು ವಾರ ಕೂತಿದ್ಯಲ್ಲ. ಎಷ್ಟು ಗಂಡು ಒರಟು ಅಂದೆ?”

ಸಾತುರ್ನೀನಾ ಮುಖದ ಮೇಲಿನ ಶಾಲು ಕೆಳಗಿಳಿಸಿದಳು. ಒಂಬತ್ತು ದಿನ ಅವಳು ಒಂದೇ ಒಂದು ಪ್ರಾಣಿಯ ಬಗ್ಗೆ ಕೊರಗಿದ್ದಳು. ಬೇರೆ ಮನೆಗಳ ನೆನಪೇ ಬಂದಿರಲಿಲ್ಲ. ಬೆರಳು ಮಡಿಸಿ ಎಣಿಸಿದಳು. “ಏಳು,” ಅಂದಳು.

“ಕೊಯ್ಯೋ ಕಾಲ ಕಣೇ ಇದು! ಒಂಬತ್ತು ದಿನ ಮನೇಲಿ ಕೂತು ಗೋಳಾಡಿದ್ಯಾ? ನಡಿ ಬೇಗ!”

ವೆನಾನ್ಸಿಯೊನ ಮನೆ ಎಲ್ಲಕ್ಕಿಂತ ಹತ್ತಿರ. ಇಬ್ಬರೂ ಏದುಸಿರು ಬಿಡುತ್ತ ಹೋದರು. ದೂರದಿಂದಲೇ ಗೋಡೆಗೆ ಹರವಿದ ಬಿಳಿ ಚರ್ಮ ಕಂಡಿತು. ಅಂಚಿನಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ.

ವೆನಾನ್ಸಿಯೊ ಚಾಕು ಒರೆಸುತ್ತ ನಗುನಗುತ್ತ ಹೊರಗೆ ಬಂದ. “ಬನ್ನಿ ಬನ್ನಿ ಮೇಸ್ತ್ರಮ್ಮ, ಒಳ್ಳೇ ಹೊತ್ತಿಗೆ ಬಂದ್ರಿ. ಈಲಿ ಬಾಣಲೇಲಿ ಹುರೀತಿದೆ. ನೀವು ಹೇಳಿದ ಒರಟನ್ನ ಬೆಳಿಗ್ಗೆ ಮುಗಿಸಿಬಿಟ್ಟೆ.”

ಸಾತುರ್ನೀನಾ ಚರ್ಮದ ಹತ್ತಿರ ಹೋದಳು. ಕತ್ತರಿಸಿದ ಮೇಲೆ ಅರ್ಧ ಬೆರಳಿನಷ್ಟು ಮತ್ತೆ ಬೆಳೆದ ತುಪ್ಪಟ. ದೇವರೇ, ಇದೊಂದು ಒರಟಾಗಿರಲಿ ಎಂದು ಬೇಡಿಕೊಂಡು ಕೈಯಿಟ್ಟಳು. ಬೆರಳುಗಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ವೆನಾನ್ಸಿಯೊಗೆ ಏನೂ ಗೊತ್ತಿಲ್ಲ. ಈಗಲೂ ಸುಮ್ಮನೆ ತಿರುಗಿ ಹೋಗಬಹುದಿತ್ತು. ಎಮೆತೇರಿಯಾ ಪಕ್ಕದಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು.

“ಏನನ್ನುತ್ತೆ ಮೇಸ್ತ್ರಮ್ಮ, ಕೈ?” ವೆನಾನ್ಸಿಯೊ ಕೇಳಿದ.

“ಮೊದಲನೇದು,” ಅಂದಳು ಸಾತುರ್ನೀನಾ. ಅವನ ಮುಖದ ನಗು ಇನ್ನೂ ಹೋಗಿರಲಿಲ್ಲ. ಅವನಿಗೆ ಕೇಳಿಸಲಿಲ್ಲವೆಂದುಕೊಂಡು ಅವಳು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.