ತಗ್ಗಿನ ಹೊಲದವರಿಗೆ ಒಂದು ಮಾತು

ಸೆಪ್ಟೆಂಬರ್ ಬಂತೆಂದರೆ ಕೆನಡಾದ ಸಸ್ಕಾಚೆವನ್ ಬಯಲಿನ ನಮ್ಮ ಕಡೆ ಮಧ್ಯಾಹ್ನ ಹನ್ನೆರಡೂಕಾಲಿಗೆ ಯಾರ ಮನೆಗೂ ಫೋನ್ ಮಾಡಬಾರದು. ಮಾಡಿದವರು ಬೈಸಿಕೊಳ್ಳುತ್ತಾರೆ. ಆ ಹೊತ್ತಿಗೆ ನೆಸ್ಟರ್ ಲಿಸಾಕ್ ರೇಡಿಯೊದಲ್ಲಿ ಹವಾಮಾನ ಓದುತ್ತಿರುತ್ತಾರೆ. ಊರಿಗೆಲ್ಲ ಅವರು ವುಯ್ಕೊ, ಉಕ್ರೇನ್ ಮೂಲದ ನಮ್ಮ ಮಾತಿನಲ್ಲಿ ಸೋದರಮಾವ. ಮೊದಲು ನಗರದ ಕಚೇರಿಯಿಂದ ಬಂದ ಮುನ್ನೋಟ. ಗಂಟೆಗಟ್ಟಲೆ ಕಾರು ಓಡಿಸಿದರೂ ಮುಗಿಯದ ಬಯಲೆಲ್ಲ ಅದರಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಆಮೇಲೆ ವುಯ್ಕೊ ಗಂಟಲು ಸರಿಮಾಡಿಕೊಂಡು, "ಇನ್ನು ತಗ್ಗಿನ ಹೊಲದವರಿಗೆ ಒಂದು ಮಾತು" ಎನ್ನುತ್ತಾರೆ. ಅಲ್ಲಿಗೆ ಚಮಚದ ಸದ್ದೂ ನಿಲ್ಲುತ್ತದೆ.

ಕಚೇರಿಯ ಉಷ್ಣಮಾಪಕ ಇರುವುದು ದಿಬ್ಬದ ಮೇಲಿನ ವಿಮಾನ ನಿಲ್ದಾಣದಲ್ಲಿ. ನಮ್ಮವು ಇರುವುದು ಅಂಗಳದಲ್ಲಿ, ಮರದ ಸಾಲಿನ ಮರೆಯಲ್ಲಿ, ಬೆಚ್ಚಗೆ. ಚಳಿಯಾದರೋ ನೀರಿನ ಹಾಗೆ ಹರಿದು ತಗ್ಗಿಗೇ ಹೋಗಿ ನಿಲ್ಲುತ್ತದೆ. ಅದಕ್ಕೇ ವುಯ್ಕೊ ಹನ್ನೊಂದು ತಗ್ಗುಗಳಲ್ಲಿ ಬೇಲಿಗೂಟಕ್ಕೆ, ಪೈರಿನ ಎತ್ತರಕ್ಕೆ, ಒಂದೊಂದು ಉಷ್ಣಮಾಪಕ ಕಟ್ಟಿದ್ದರು. ಮೂವತ್ತೊಂದು ವರ್ಷದಿಂದ ಸುಗ್ಗಿಕಾಲದಲ್ಲಿ ವಾರಕ್ಕೆರಡು ಬೆಳಗ್ಗೆ, ಸೂರ್ಯ ಹುಟ್ಟುವ ಮುಂಚೆ ಹಳೇ ಟ್ರಕ್ಕಿನಲ್ಲಿ ಹೋಗಿ ಅಷ್ಟನ್ನೂ ಓದಿ ಬರೆದುಕೊಳ್ಳುತ್ತಿದ್ದರು. ಬಿಡಿಗಾಸು ಕೊಡುವವರಿರಲಿಲ್ಲ. ಕಾಫಿ ಅಂಗಡಿಯಲ್ಲಿ ಅವರನ್ನು ಕಂಡರೆ, ಡಾಕ್ಟ್ರು ಬಂದ್ರು, ಇವತ್ತು ಯಾವ ಗೂಟಕ್ಕೆ ಜ್ವರ ಎಂದು ಕೇಳುವವರೇ ಎಲ್ಲ. ಗೂಟ ಚೆನ್ನಾಗಿದೆ, ನಿನ್ನ ಗೋಧಿಗೇ ನೆಗಡಿ ಆಗೋ ಹಂಗಿದೆ ಎಂದು ಅವರು ಕಾಫಿ ಹೀರುತ್ತಿದ್ದರು.

ಆ ವರ್ಷ ಒರಿಸ್ಯಾ ಕಿವಿಯೆಲ್ಲ ರೇಡಿಯೊಗೇ ಇಟ್ಟಿದ್ದಳು. ಗಂಡ ತರಾಸ್ ಕಣಜದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಹದಿಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ ಸುಗ್ಗಿಯ ನಿರ್ಧಾರ ಅವಳ ಪಾಲಿಗೆ ಬಂದಿತ್ತು. ತಗ್ಗಿನಲ್ಲಿ ನೂರರವತ್ತು ಎಕರೆ ಕನೋಲಾ, ಸಾಸಿವೆಯ ಜಾತಿಯ ಎಣ್ಣೆಕಾಳು, ಬಿತ್ತನೆ ತಡವಾಗಿ ಇನ್ನೂ ಅರೆಹಸಿರಾಗಿತ್ತು. ಕನೋಲಾವನ್ನು ಕೊಯ್ದು ಸಾಲಾಗಿ ಮಲಗಿಸಿ ಒಣಗಿಸಬೇಕು. ಕೊಯ್ದ ಮೂರು ದಿನದೊಳಗೆ ಹಿಮ ಬಿದ್ದರೆ ಹಸಿರು ಕಾಳಿನೊಳಗೇ ಕೂತುಬಿಡುತ್ತದೆ, ಮತ್ತೆ ಹೋಗುವುದಿಲ್ಲ. ಎಣ್ಣೆಯವರು ಮೂಸಿಯೂ ನೋಡುವುದಿಲ್ಲ. ನಿಂತ ಪೈರಾದರೆ ಅಲ್ಪಸ್ವಲ್ಪ ಹಿಮ ತಡೆದುಕೊಂಡೀತು. ಆದರೆ ಅದನ್ನು ನಿಲ್ಲಿಸಿಕೊಂಡು ಕೂತರೆ ಒಂದು ಜೋರು ಗಾಳಿಗೆ ಕಾಯಿ ಒಡೆದು ಕಾಳೆಲ್ಲ ಮಣ್ಣುಪಾಲು.

ಸೋಮವಾರ ಎಲ್ಲರ ಮಾತೂ ಒಂದೇ ಆಯಿತು. ನಗರದ ಮುನ್ನೋಟದಲ್ಲಿ ವಾರಪೂರ್ತಿ ಬಿಸಿಲು, ಬೆಚ್ಚನೆಯ ರಾತ್ರಿಗಳು. ಒರಿಸ್ಯಾಳ ಮಾವ ಪನಾಸ್, ಹಂದಿ ಕಡಿದಾಗ ಅದರ ಗುಲ್ಮದ ದಪ್ಪ ನೋಡಿ ಚಳಿಗಾಲ ಹೇಳುವ ಪೈಕಿ, ಅವರ ಗುಲ್ಮವೂ ತಿಂಗಳಿಡೀ ಬೆಚ್ಚಗೆ ಎಂದಿತ್ತು. ವುಯ್ಕೊ ಕೂಡ ಹಳೇ ಅನುಭವದ ಲೆಕ್ಕ ಹಾಕಿ, ತಗ್ಗಿನವರೂ ಧೈರ್ಯವಾಗಿ ಕೊಯ್ಯಿರಿ ಎಂದರು. ಮಂಗಳವಾರ ಇಬ್ಬನಿ ಆರುತ್ತಲೇ ಒರಿಸ್ಯಾ ಕೊಯ್ಲು ಯಂತ್ರ ಇಳಿಸಿದಳು.

ನಾಲ್ಕು ಸುತ್ತು ಮುಗಿದಿತ್ತು. ಐದನೆಯದಕ್ಕೆ ತಿರುಗುವಾಗ ಯಂತ್ರದ ರೇಡಿಯೊದಲ್ಲಿ ವುಯ್ಕೊ ಗಂಟಲು ಸರಿಮಾಡಿಕೊಂಡರು.

"ತಗ್ಗಿನ ಹೊಲದವರಿಗೆ ಒಂದು ಮಾತು. ನಿನ್ನೆ ನಾನು ಹೇಳಿದ್ದು ತಪ್ಪು. ಕಚೇರಿಯವ್ರದಲ್ಲ, ನನ್ ತಪ್ಪು. ಒಂದು ತಗ್ಗಲ್ಲಿ ಈ ಬೇಸಿಗೆ ಕೆರೆ ಬತ್ತಿಸಿದಾರೆ, ನಂಗೆ ಗೊತ್ತಿತ್ತು. ಆ ನೀರು ಅಲ್ಲಿನ ಚಳಿ ತಡೀತಿತ್ತು. ನೀರು ಹೋಗಿದ್ದನ್ನ ಲೆಕ್ಕಕ್ಕೆ ಹಿಡೀದೆ ಹಳೇ ಲೆಕ್ಕದ ಮೇಲೆ ಕೊಯ್ಯಿರಿ ಅಂದ್ಬಿಟ್ಟೆ. ಇವತ್ತು ಬೆಳಗ್ಗೆ ಹೋಗ್ ನೋಡಿದ್ರೆ ಅಂಗಳಕ್ಕಿಂತ ಐದು ಡಿಗ್ರಿ ಕಮ್ಮಿ ಇದೆ. ನಾಳೆ ಬೆಳಗ್ಗೆ ಅಲ್ಲಿ ಹಿಮ ಬೀಳತ್ತೆ. ಕೊಯ್ಯೋದು ನಿಲ್ಸಿ."

ಕೆರೆ ಯಾರದೆಂದು ಅವರು ಹೇಳಲಿಲ್ಲ. ಒರಿಸ್ಯಾಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಹನ್ನೆರಡು ಎಕರೆ ಹೆಚ್ಚು ಸಿಗುತ್ತದೆಂದು ಜೂನ್‌ನಲ್ಲಿ ಕಾಲುವೆ ತೋಡಿಸಿ ಆ ಜೊಂಡುಕೆರೆ ಬತ್ತಿಸಿದವರು ಪನಾಸ್ ಮಾವ. ಆ ಜಾಣತನವನ್ನು ಅವರು ಬೇಸಿಗೆಯಿಡೀ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಅವಳು ಯಂತ್ರ ಆರಿಸಿದಳು. ಮಾವ ಹೊಲದಂಚಿನಿಂದ ಬುಸುಗುಡುತ್ತ ಬಂದರು. ನಿನ್ನೆ ಒಂದು ಇವತ್ತೊಂದು ಹೇಳುವವನ ಮಾತಿಗೆ ಕುಣಿಯುತ್ತೀಯಾ ಎಂದು ಶುರುಮಾಡಿ, ತರಾಸ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಅರ್ಧ ಹೊಲ ಮಲಗಿಸಿರುತ್ತಿದ್ದ ಎನ್ನುವವರೆಗೂ ಹೋದರು.

"ನಾಳಿದ್ದು ಗಾಳಿ ಬಂದ್ರೆ ನಿನ್ ನೆಸ್ಟರ್ ಬಂದು ಒಂದೊಂದೇ ಕಾಳು ಆರಿಸಿಕೊಡ್ತಾನಾ?"

ಗಾಳಿ ಬರುವುದಿಲ್ಲ ಎಂದು ಒರಿಸ್ಯಾಳಿಗೇನು ಗೊತ್ತು? ಆದರೆ ತಪ್ಪಾಯಿತೆಂದು ಮೂರು ತಾಲ್ಲೂಕಿಗೆ ಕೇಳುವಂತೆ ಹೇಳಿದ ಮನುಷ್ಯನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ನಿನ್ನೆ ಅವರ ಮಾತು ನಂಬಿ ಇಳಿದೆ ಮಾವ. ಇವತ್ತು ಅವರ ಮಾತು ಇನ್ನೂ ಜಾಸ್ತಿ ನಂಬ್ತೀನಿ," ಎಂದು ಕೀಲಿಕೈ ಜೇಬಿಗೆ ಹಾಕಿಕೊಂಡಳು.

ಬುಧವಾರ ಬೆಳಕು ಹರಿಯುವಾಗ ಅಂಗಳದ ಹುಲ್ಲು ಹಸಿರಾಗಿಯೇ ಇತ್ತು. ಮಾವ ಅದನ್ನು ತೋರಿಸಿ ಗೆದ್ದವರಂತೆ ನಕ್ಕರು. ಇಬ್ಬರೂ ತಗ್ಗಿಗೆ ಇಳಿದರು. ಅಲ್ಲಿ ಹೊಲಕ್ಕೆ ಹೊಲವೇ ಬೆಳ್ಳಗಾಗಿತ್ತು. ಗೂಟದ ಪಕ್ಕ ವುಯ್ಕೊ ಮಂಡಿಯೂರಿ ಕೂತು ಬರೆದುಕೊಳ್ಳುತ್ತಿದ್ದರು. ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಅವರು ಮೊದಲು ಕೇಳಿದ್ದು, ಎಷ್ಟು ಸುತ್ತು ಕೊಯ್ದಿದ್ದೆ ಮಗಳೇ, ಎಂದು.

ಮುಂದಿನ ಹತ್ತು ದಿನ ಒರಿಸ್ಯಾಳಿಗೆ ಅನ್ನ ನೀರು ರುಚಿಸಲಿಲ್ಲ. ಎಲೆ ಅಲುಗಿದರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಗಾಳಿ ಎದ್ದೇ ಎದ್ದಿತು, ಗಂಟೆಯೊಳಗೆ ತಣ್ಣಗಾಯಿತು. ಹನ್ನೊಂದನೇ ದಿನ ವುಯ್ಕೊ ಅಂಟುಪಟ್ಟಿ ಹಿಡಿದು ಬಂದರು. ನಿಂತ ಪೈರಿನ ನೂರು ಕಾಳು ಅಂಟಿಸಿ, ಮರದ ರೂಳು ಉರುಳಿಸಿ ಜಜ್ಜಿದರು. ತೊಂಬತ್ತೆಂಟು ಹಳದಿ, ಎರಡೇ ಹಸಿರು. ಒರಿಸ್ಯಾ ಅಲ್ಲೇ ಟ್ರಕ್ಕಿಗೆ ಒರಗಿ ಅತ್ತುಬಿಟ್ಟಳು. ಬೆಳೆ ಉಳಿದಿತ್ತು.

ವುಯ್ಕೊ ಅಷ್ಟಕ್ಕೆ ಬಿಡಲಿಲ್ಲ. ಕೊಯ್ದು ಮಲಗಿಸಿದ್ದ ನಾಲ್ಕು ಸುತ್ತಿನಿಂದಲೂ ನೂರು ಕಾಳು ತೆಗೆದು ಜಜ್ಜಿದರು. ಹದಿನೆಂಟು ಹಸಿರು. ಪಟ್ಟಿಯನ್ನು ಜೋಪಾನವಾಗಿ ಪುಸ್ತಕದಲ್ಲಿಟ್ಟು, ಇದನ್ನೂ ಮಧ್ಯಾಹ್ನ ಓದುತ್ತೇನೆ ಎಂದರು. ನಾಲ್ಕು ಸುತ್ತಲ್ಲವಾ, ಯಾರಿಗೂ ಗೊತ್ತಾಗುವುದಿಲ್ಲ, ಬಿಡಿ ಎಂದು ಒರಿಸ್ಯಾ ಗೋಗರೆದಳು.

"ನನ್ ಮಾತು ಕೇಳಿ ಹೋಗಿದ್ದನ್ನ ನಾನೇ ಮುಚ್ಚಿಟ್ರೆ, ಉಳಿದಿದ್ದನ್ನ ಮಾತ್ರ ಹೇಳ್ಕೊಳ್ಳೋಕೆ ನಂಗೆ ಬಾಯಿ ಎಲ್ಲಿದೆ ಹೇಳು," ಎಂದು ಅವರು ಟ್ರಕ್ ಹತ್ತಿದರು.

ಹನ್ನೆರಡೂಕಾಲಿಗೆ ಓದಿಯೇ ಓದಿದರು. ನೂರಕ್ಕೆ ಹದಿನೆಂಟು ಹಸಿರು, ಕಾರಣ ಸೋಮವಾರದ ನನ್ನ ಮಾತು, ಎಂದರು. ಆ ಸಲವೂ ಕೆರೆ ಬತ್ತಿಸಿದವರ ಹೆಸರೆತ್ತಲಿಲ್ಲ. ಬೋರ್ಷ್ ಸಾರಿನ ಬಟ್ಟಲ ಮುಂದೆ ಕೂತಿದ್ದ ಪನಾಸ್ ಮಾವ ಅರ್ಧ ಊಟಕ್ಕೇ ಎದ್ದು ಹೋದರು. ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡು ಒರಿಸ್ಯಾ ತಡೆಯಲಿಲ್ಲ.

ಅವಳು ಹೊಲಕ್ಕೆ ಹೋದಾಗ ಮಾವ ತಗ್ಗಿನ ತುದಿಯಲ್ಲಿ, ತಾವೇ ತೋಡಿಸಿದ ಕಾಲುವೆಯ ಬಾಯಲ್ಲಿ ನಿಂತು ಸನಿಕೆಯಿಂದ ಮಣ್ಣು ತುಂಬುತ್ತಿದ್ದರು. ಎಪ್ಪತ್ತೆರಡರ ಮುದುಕ, ಅಂಗಿಯೆಲ್ಲ ಬೆವರು. ಇವಳನ್ನು ಕಂಡರೂ ತಲೆಯೆತ್ತಲಿಲ್ಲ.

"ಹನ್ನೆರಡು ಎಕರೆ ಹೋದ್ರೆ ಹೋಗ್ಲಿ," ಎಂದರು. "ನಾನ್ ಮಾಡಿದ್ದಕ್ಕೆ ಆ ಮನುಷ್ಯ ಎರಡು ಸಲ ತಪ್ಪು ನಂದು ಅಂದ. ಮೂರನೇ ಸಲ ಅನ್ನಿಸೋದು ಬೇಡ."